ಹಂಗಾಮು ಎಷ್ಟು ದಿನದ್ದಿರಬೇಕು?



ನಮ್ಮ ಮ್ಹೈಸಾಳದಲ್ಲಿ ಹಂಗಾಮು ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣೆಯ ದಂಡೆಯ ಕಬ್ಬು, ರಸ್ತೆಯ ಉದ್ದಕ್ಕೂ ಟ್ರ್ಯಾಕ್ಟರ್ ಸಾಲು, ಕಾರ್ಖಾನೆಯ ಸೈರನ್. ಆದರೆ ನಾನು ಇವತ್ತು ಬರೆಯಲು ಹೊರಟಿರುವುದು ಇನ್ನೊಂದು ಹಂಗಾಮಿನ ಬಗ್ಗೆ, ಫುಟ್‌ಬಾಲ್ ಹಂಗಾಮಿನ ಬಗ್ಗೆ. ಕೆಲವು ತಿಂಗಳಿಂದ ರವಿವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಹುಡುಗರು ಚರ್ಚಿನ ಅಂಗಳದಲ್ಲಿ ನಿಂತು ವಾದ ಮಾಡುವುದು ಇದರ ಮೇಲೆಯೇ. ವೃತ್ತಿಪರ ಫುಟ್‌ಬಾಲ್ ಹಂಗಾಮು ಉದ್ದ ಇರಬೇಕೋ, ಗಿಡ್ಡ ಇರಬೇಕೋ?

ಈ ವಾದದಲ್ಲಿ ಒಂದು ವಿಚಿತ್ರ ಇದೆ. ಯುರೋಪಿನ ದೊಡ್ಡ ಆಟಗಾರರು "ಪಂದ್ಯ ಹೆಚ್ಚಾದವು, ನಮ್ಮ ಕೈಲಿ ಆಗುವುದಿಲ್ಲ" ಎನ್ನುತ್ತಿದ್ದಾರೆ. ನಮ್ಮ ಭಾರತದ ಆಟಗಾರರು "ನಮಗೆ ಆಡಲು ಪಂದ್ಯ ಕೊಡಿ" ಎಂದು ಕೈಮುಗಿಯುತ್ತಿದ್ದಾರೆ. ಒಂದೇ ಆಟ, ಒಂದೇ ಚೆಂಡು. ಒಬ್ಬರಿಗೆ ಹೊಟ್ಟೆ ಬಿರಿಯುವಷ್ಟು, ಇನ್ನೊಬ್ಬರಿಗೆ ಉಪವಾಸ.

ಮೊದಲು ನಮ್ಮ ದೇಶದ ಲೆಕ್ಕ ನೋಡೋಣ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಅದು ಅಕ್ಟೋಬರ್ 12ಕ್ಕೆ ಆರಂಭವಾಗಿ ಡಿಸೆಂಬರ್ 20ಕ್ಕೆ ಮುಗಿಯಿತು. ಎಂಟು ತಂಡಗಳು. ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 14 ಪಂದ್ಯ. ಹತ್ತು ವಾರದಲ್ಲಿ ಎಲ್ಲ ಮುಗಿಯಿತು. ದೀಪ, ಸಿನಿಮಾ ತಾರೆಯರು, ಹೊರದೇಶದ ಹಿರಿಯ ಆಟಗಾರರು ಎಲ್ಲ ಸೇರಿ ಒಂದು ಜಾತ್ರೆಯ ಹಾಗೆ ಇತ್ತು. ಆಗ ಅದರ ಜೊತೆಗೆ ಐ-ಲೀಗ್ ಬೇರೆಯೇ ನಡೆಯುತ್ತಿತ್ತು. 2013-14ರ ಐ-ಲೀಗಿನಲ್ಲಿ ಒಂದೊಂದು ತಂಡ 24 ಪಂದ್ಯ ಆಡಿತ್ತು. ಮೊದಲ ವರ್ಷವೇ ಪ್ರಶಸ್ತಿ ಗೆದ್ದ ನಮ್ಮ ಬೆಂಗಳೂರು ಎಫ್‌ಸಿ ಬೆಳೆದದ್ದು ಆ ಲೀಗಿನಲ್ಲಿಯೇ. ಅದೇ ತಂಡ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೂ ಮೊದಲು ಅಲ್ಲಿಗೆ ಹೋಗಿರಲಿಲ್ಲ.

ಜಾತ್ರೆಯಿಂದ ಆಟಗಾರ ತಯಾರಾಗುವುದಿಲ್ಲ ಎಂಬ ಮಾತು ಆಗಲೇ ಶುರುವಾಗಿತ್ತು. ಹಾಗಾಗಿ ಸೂಪರ್ ಲೀಗ್ ನಿಧಾನವಾಗಿ ಉದ್ದ ಆಯಿತು. 2017-18ರಲ್ಲಿ ಬೆಂಗಳೂರು ಮತ್ತು ಜಮ್‌ಶೆಡ್‌ಪುರ ಸೇರಿ ಹತ್ತು ತಂಡಗಳಾದವು, ತಲಾ 18 ಪಂದ್ಯ, ನವೆಂಬರಿನಿಂದ ಮಾರ್ಚ್ ತನಕ. 2024-25ರ ಹೊತ್ತಿಗೆ 13 ತಂಡ, ತಲಾ 24 ಪಂದ್ಯ, ಸೆಪ್ಟೆಂಬರಿನಿಂದ ಏಪ್ರಿಲ್ ತನಕ. ಆ ವರ್ಷದ ಫೈನಲ್ಲಿನಲ್ಲಿ ಬೆಂಗಳೂರು ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತದ್ದು ನಿಮಗೆಲ್ಲ ನೆನಪಿದೆ. ಸೋತರೂ ಒಂದು ಸಮಾಧಾನ ಇತ್ತು. ಕೊನೆಗೂ ನಮಗೊಂದು ಸರಿಯಾದ ಹಂಗಾಮು ಬಂತು ಅಂದುಕೊಂಡಿದ್ದೆವು.

ಮುಂದಿನ ವರ್ಷವೇ ಆ ಸಮಾಧಾನ ಹೋಯಿತು. ಲೀಗ್ ನಡೆಸುವ ಕಂಪನಿಗೂ ಭಾರತ ಫುಟ್‌ಬಾಲ್ ಒಕ್ಕೂಟಕ್ಕೂ 2010ರಲ್ಲಿ ಆಗಿದ್ದ 15 ವರ್ಷದ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ಹೊಸ ಕರಾರು ಆಗಲಿಲ್ಲ. 2025ರ ಜುಲೈನಲ್ಲಿ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಹಿರಿಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ ಹೋಯಿತು, ದೀಪಾವಳಿ ಹೋಯಿತು, ಕ್ರಿಸ್ಮಸ್ಸೂ ಹೋಯಿತು. 2026ರ ಜನವರಿ ಮೊದಲ ವಾರದಲ್ಲಿ ಸುನಿಲ್ ಛೆತ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಝಿಂಗನ್ ಮೊದಲಾದವರು ಒಂದು ವಿಡಿಯೋ ಮಾಡಿ, ಭಾರತದ ಫುಟ್‌ಬಾಲನ್ನು ಉಳಿಸಿ ಎಂದು ಫಿಫಾವನ್ನು ಬೇಡಿಕೊಂಡರು. ದೇಶಕ್ಕಾಗಿ ನೂರಾರು ಪಂದ್ಯ ಆಡಿದವರು ಕೆಲಸ ಕೊಡಿ ಎಂದು ಕೇಳುವುದನ್ನು ಮೊಬೈಲಿನಲ್ಲಿ ನೋಡಿದಾಗ ನಮ್ಮ ಗುಂಪಿನ ಹುಡುಗರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಗೆ ಕೇಂದ್ರ ಕ್ರೀಡಾ ಸಚಿವರು ಫೆಬ್ರುವರಿ 14ರಿಂದ ಲೀಗ್ ನಡೆಯುತ್ತದೆ ಎಂದು ಘೋಷಿಸಿದರು. 14 ತಂಡ, ಒಟ್ಟು 91 ಪಂದ್ಯ. ಅಂದರೆ ಪ್ರತಿ ತಂಡ ಇನ್ನೊಂದು ತಂಡವನ್ನು ಒಂದೇ ಸಲ ಎದುರಿಸುತ್ತದೆ. ತಲಾ 13 ಪಂದ್ಯ. ಹನ್ನೆರಡು ವರ್ಷ ನಡೆದು ಬಂದು, 2014ರ 14ಕ್ಕಿಂತ ಒಂದು ಕಡಿಮೆ. ಏಷ್ಯಾದ ಟೂರ್ನಿಗಳಿಗೆ ಹೋಗಬೇಕಾದರೆ ಒಂದು ಕ್ಲಬ್ ವರ್ಷಕ್ಕೆ ಕನಿಷ್ಠ 24 ಪಂದ್ಯ ಆಡಿರಬೇಕು ಎಂಬುದು ಎಎಫ್‌ಸಿ ನಿಯಮ. ಅದರ ಅರ್ಧಕ್ಕಿಂತ ಒಂದೇ ಒಂದು ಜಾಸ್ತಿ.

ಇಷ್ಟೆಲ್ಲ ಅಂಕಿಗಳು ಪೇಪರಿನಲ್ಲಿ ಓದುವಾಗ ದೂರದ ಸುದ್ದಿ ಅನಿಸಬಹುದು. ನಮ್ಮ ಮನೆಗೆ ಇದು ದೂರದ ಸುದ್ದಿ ಅಲ್ಲ. ನಮ್ಮ ಕಾಕಾನ ಮಗನಿಗೆ ಈಗ 19 ವರ್ಷ. ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಎರಡು ವರ್ಷದಿಂದ ಮಿರಜದಿಂದ ರೈಲು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಅಲ್ಲಿಯ ಒಂದು ತಂಡಕ್ಕೆ ಆಡುತ್ತಾನೆ. ಕೆಳಗಿನ ಲೀಗಿನ ಒಂದು ಕ್ಲಬ್ ಟ್ರಯಲ್‌ಗೆ ಬಾ ಎಂದು ಕರೆದಿದೆ. ಅವನಿಗೆ ಓದು ಬಿಟ್ಟು ಹೋಗುವ ಆಸೆ. ನಮ್ಮ ಕಾಕಾ ಸಕ್ಕರೆ ಕಾರ್ಖಾನೆಯಲ್ಲಿ 26 ವರ್ಷದಿಂದ ಹಂಗಾಮಿ ಕಾಮಗಾರ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವರಿಬ್ಬರ ನಡುವೆ ನಡೆದ ಮಾತು ಇಷ್ಟು:

"ವರ್ಷದಾಗ ಎಷ್ಟ ತಿಂಗಳ ಪಗಾರ ಬರತೈತಿ, ಅದನ್ನ ಮೊದಲ ಹೇಳು. ಗೋಲ್ ಎಷ್ಟ ಹೊಡದಿ ಅಂತ ಆಮ್ಯಾಲ ಕೇಳತೀನಿ."

"ಕರಾರ ಮೇ ತನಕ ಇರತೈತಪ್ಪಾ."

"ಮೇ ಮುಗದ ಮ್ಯಾಲ?"

ತಮ್ಮ ಸುಮ್ಮನಾದ.

"ನಮ್ಮ ಕಾರ್ಖಾನಿ ಬಂದ್ ಆದ ಮ್ಯಾಲೂ ನನಗ ಒಂದಿಷ್ಟ ರೊಕ್ಕ ಬರತೈತಿ. ಮುಂದಿನ ಹಂಗಾಮಿಗೆ ಹೊಳ್ಳಿ ಬಾ ಅಂತ. ನಿಮ್ಮ ಆಟದಾಗ ಅಂಥಾದ್ದ ಐತೇನು?"

ಈ ಪ್ರಶ್ನೆಯನ್ನು ಯಾವ ಟಿವಿ ಚರ್ಚೆಯಲ್ಲೂ ನಾನು ಕೇಳಿಲ್ಲ. ಕಾಕಾ ಹೇಳಿದ್ದು 'ರಿಟೆನ್ಶನ್' ಬಗ್ಗೆ. ಹಂಗಾಮಿ ಕಾಮಗಾರರಿಗೆ ಕಾರ್ಖಾನೆ ನಿಂತಿರುವ ತಿಂಗಳುಗಳಲ್ಲಿ ಸಂಬಳದ ಒಂದು ಭಾಗ ಕೊಡುವ ಪದ್ಧತಿ ಅದು. ದುಡಿಸಿಕೊಳ್ಳದ ದಿನಕ್ಕೂ ಹಣ ಯಾಕೆ? ಯಾಕೆಂದರೆ ಕೆಲಸ ಬಲ್ಲವನು ಬೇರೆ ಊರಿಗೆ ಹೋಗಿಬಿಟ್ಟರೆ ಮುಂದಿನ ವರ್ಷ ಬಾಯ್ಲರ್ ಹೊತ್ತಿಸುವಾಗ ಯಾರೂ ಇರುವುದಿಲ್ಲ. ಅವನ ಮನೆಯ ಒಲೆ ಆರದಿದ್ದರೆ ಕಾರ್ಖಾನೆಯ ಒಲೆಯೂ ಹೊತ್ತುತ್ತದೆ.

ಕಬ್ಬಿನ ಹಂಗಾಮಿನಿಂದ ಕಲಿಯುವುದು ಇನ್ನೂ ಇದೆ. ಗಿಡ್ಡ ಹಂಗಾಮು ಅಂದರೆ ಏನು ಎಂದು 2024-25ರಲ್ಲಿ ನೋಡಿದೆವು. ಮಹಾರಾಷ್ಟ್ರದಲ್ಲಿ ನವೆಂಬರ್ 15ರ ನಂತರ ನುರಿಸುವಿಕೆ ಶುರುವಾಯಿತು, ಕಬ್ಬು ಕಡಿಮೆ ಇತ್ತು, ಎಷ್ಟೋ ಕಾರ್ಖಾನೆಗಳು ಮಾರ್ಚ್ ಮುಗಿಯುವ ಮೊದಲೇ ಬಂದ್ ಆದವು. ಹಂಗಾಮಿ ಕಾಮಗಾರರ ಪೂರ್ಣ ಪಗಾರದ ದಿನಗಳು ಕಡಿಮೆಯಾದವು. ಕಬ್ಬು ಕಡಿಯುವ ಜೋಡಿಗಳು ಮುಂಗಡ ತೀರಿಸುವ ಮೊದಲೇ ಊರಿಗೆ ಹೊರಟವು. ಉದ್ದ ಹಂಗಾಮು ಅಂದರೆ ಏನು ಎಂದು 2021-22ರಲ್ಲಿ ನೋಡಿದೆವು. ಆ ವರ್ಷ ಕಬ್ಬು ಎಷ್ಟಿತ್ತೆಂದರೆ ರಾಜ್ಯದ ಕೆಲವು ಕಡೆ ಜೂನ್ ತನಕ ಗಾಣ ನಿಲ್ಲಲಿಲ್ಲ. ಮೇ ತಿಂಗಳ ಬಿಸಿಲಲ್ಲಿ ಕಡಿಯುವವರ ಪಾಡು ಹೇಳತೀರದು. ಬಿಸಿಲು ಏರಿದಂತೆ ನಿಂತ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ, ರಿಕವರಿ ಇಳಿಯುತ್ತದೆ. ಗಾಣ ತಿರುಗುತ್ತಲೇ ಇರುತ್ತದೆ, ಸಕ್ಕರೆ ಮಾತ್ರ ಕಡಿಮೆ ಬರುತ್ತದೆ.

ಯುರೋಪಿನ ಫುಟ್‌ಬಾಲಿಗೆ ಈಗ ಆಗಿರುವುದು ಇದೇ ಅನಿಸುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡಕ್ಕೆ 38 ಪಂದ್ಯ. ಅದರ ಮೇಲೆ ಎರಡು ಕಪ್. ಅದರ ಮೇಲೆ ಚಾಂಪಿಯನ್ಸ್ ಲೀಗ್. 2024-25ರಿಂದ ಅದರಲ್ಲಿ 32ರ ಬದಲು 36 ತಂಡ, ಮೊದಲ ಹಂತದಲ್ಲಿ ಆರರ ಬದಲು ಎಂಟು ಪಂದ್ಯ. ಅದರ ಮೇಲೆ ದೇಶದ ತಂಡ. ಇಷ್ಟು ಸಾಲದೆಂದು ಫಿಫಾ 2025ರ ಜೂನ್ ಮತ್ತು ಜುಲೈನಲ್ಲಿ, ಅಂದರೆ ಆಟಗಾರರು ಮನೆಗೆ ಹೋಗುವ ಹೊತ್ತಿನಲ್ಲಿ, ಅಮೆರಿಕದಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ ಇಟ್ಟಿತು. ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ 2024ರ ಸೆಪ್ಟೆಂಬರಿನಲ್ಲಿ, ಹೀಗೇ ಆದರೆ ಆಟಗಾರರು ಮುಷ್ಕರ ಮಾಡುವ ದಿನ ದೂರವಿಲ್ಲ ಎಂದಿದ್ದರು. ಅದಾದ ಒಂದು ವಾರದೊಳಗೆ ಆರ್ಸೆನಲ್ ವಿರುದ್ಧದ ಪಂದ್ಯದಲ್ಲಿ ಅವರ ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ತಿಂಗಳುಗಟ್ಟಲೆ ಹೊರಗೆ ಕೂತರು. ಪಂದ್ಯ ಹೆಚ್ಚಾದದ್ದರಿಂದಲೇ ಪೆಟ್ಟಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅದೇ ವರ್ಷ ಅಕ್ಟೋಬರಿನಲ್ಲಿ ಆಟಗಾರರ ಸಂಘ ಮತ್ತು ಯುರೋಪಿನ ಲೀಗುಗಳು ಸೇರಿ ಫಿಫಾದ ವೇಳಾಪಟ್ಟಿಯ ವಿರುದ್ಧ ಯುರೋಪಿಯನ್ ಕಮಿಷನ್ ಮುಂದೆ ದೂರು ಕೊಟ್ಟರು. ಸಂಬಳ ಹೆಚ್ಚು ಕೊಡಿ ಎಂದು ಅವರು ಕೇಳಲಿಲ್ಲ. ನಮ್ಮನ್ನು ಕೇಳದೆ ಹೀಗೆ ಪಂದ್ಯ ಸೇರಿಸಬೇಡಿ ಎಂಬುದು ಅವರ ಮಾತು.

ಗಿಡ್ಡ ಹಂಗಾಮೇ ಸಾಕು ಎನ್ನುವವರ ಮಾತನ್ನೂ ಕೇಳಬೇಕು. ಅವರು ಮೂರ್ಖರಲ್ಲ. ಒಂದು ಪಂದ್ಯ ಅಂದರೆ ಮೈದಾನದ ಬಾಡಿಗೆ, ದೀಪ, ಪೊಲೀಸ್ ಬಂದೋಬಸ್ತು, ಇಡೀ ತಂಡದ ವಿಮಾನ, ಹೋಟೆಲ್. ಗುವಾಹಟಿಯಿಂದ ಕೊಚ್ಚಿಗೆ ಹೋಗುವುದು ಮಿರಜದಿಂದ ಕೊಲ್ಹಾಪುರಕ್ಕೆ ಹೋದಂತೆ ಅಲ್ಲ. ಮಾರ್ಚ್ ಕೊನೆಗೆ ಐಪಿಎಲ್ ಬಂದರೆ ಟಿವಿ ಮುಂದೆ ಫುಟ್‌ಬಾಲ್ ನೋಡುವವರು ಕಡಿಮೆ. ಏಪ್ರಿಲ್, ಮೇ ಬಿಸಿಲಲ್ಲಿ ಆಡಿಸುವುದು ಕಷ್ಟ. ಜೂನಿಗೆ ಮಳೆ. ಹಣ ಹಾಕುವವರೇ ಇಲ್ಲದಿದ್ದರೆ 24 ಪಂದ್ಯ ಎಂದು ಕಾಗದದಲ್ಲಿ ಬರೆದು ಏನು ಪ್ರಯೋಜನ ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗುವುದಿಲ್ಲ, ಕೊಲ್ಹಾಪುರಕ್ಕೆ ಹೋಗುತ್ತೇನೆ. ಅಲ್ಲಿಯ ಫುಟ್‌ಬಾಲ್ ನೋಡದವರು ಒಮ್ಮೆ ಹೋಗಿ ಬನ್ನಿ. ಪಾಟಾಕಡೀಲ, ಖಂಡೋಬಾ, ದಿಲ್‌ಬಹಾರ, ಬಾಲಗೋಪಾಲ ಮುಂತಾದ ತಾಲೀಮುಗಳು, ಅಂದರೆ ಕುಸ್ತಿ ಕಲಿಸುತ್ತಿದ್ದ ಗರಡಿಮನೆಗಳು, ಅಲ್ಲಿ ಫುಟ್‌ಬಾಲ್ ತಂಡ ಕಟ್ಟಿವೆ. ಶಾಹು ಮೈದಾನದಲ್ಲಿ ಎರಡು ಪೇಟೆಗಳ ತಂಡಗಳು ಎದುರಾದರೆ ಕಟ್ಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಚಳಿಗಾಲದಲ್ಲಿ ಶುರುವಾದ ಹಂಗಾಮು ಮಳೆಗಾಲದ ಮೊದಲು ಮುಗಿಯುತ್ತದೆ. ವಾರದಿಂದ ವಾರಕ್ಕೆ ನಡೆಯುತ್ತದೆ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ನೋಡುತ್ತಾರೆ, ಸಂಜೆ ಚಹಾದ ಗಾಡಿಯ ಮುಂದೆ ಜಗಳ ಆಡುತ್ತಾರೆ, ಮುಂದಿನ ಪಂದ್ಯದ ತನಕ ಅದೇ ಮಾತು. ಅಲ್ಲಿ ಆಡಿ ಬೆಳೆದ ಊರಿನಿಂದಲೇ ಅನಿಕೇತ್ ಜಾಧವ್ 2017ರ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತಕ್ಕೆ ಆಡಿದ್ದು, ಆಮೇಲೆ ಸೂಪರ್ ಲೀಗಿಗೆ ಹೋದದ್ದು. ಸಿನಿಮಾ ತಾರೆಯರು ಬರದಿದ್ದರೂ ಕೊಲ್ಹಾಪುರದ ಕಟ್ಟೆ ತುಂಬುತ್ತದೆ. ಇದು ಹೇಗೆ? ಜನರಿಗೆ ಮುಂದಿನ ವಾರವೂ ಪಂದ್ಯ ಇದೆ, ಮುಂದಿನ ವರ್ಷವೂ ಇದೆ ಎಂಬ ನಂಬಿಕೆ ಇದೆ. ಆ ನಂಬಿಕೆ ಬರಲು ತಲೆಮಾರುಗಳೇ ಬೇಕಾದವು. ನಮ್ಮ ರಾಷ್ಟ್ರೀಯ ಲೀಗ್ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಅದನ್ನು ಆಡುವವರಿಗೇ ಗೊತ್ತಿರಲಿಲ್ಲ. ಹಾಗಿರುವಾಗ ನೋಡುವವರು ಎಲ್ಲಿಂದ ಬರಬೇಕು?

ಇಲ್ಲಿ ನನಗೆ ನಮ್ಮ ಚರ್ಚಿನ ಕ್ಯಾಲೆಂಡರ್ ನೆನಪಾಗುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ನಾನು ಚಿಕ್ಕವರಿಗೆ ಒಂದು ಪ್ರಶ್ನೆ ಕೇಳುವುದುಂಟು: ಪೂಜಾವರ್ಷದಲ್ಲಿ ಎಲ್ಲಕ್ಕಿಂತ ಉದ್ದದ ಕಾಲ ಯಾವುದು? ಕ್ರಿಸ್ಮಸ್ ಅನ್ನುತ್ತಾರೆ, ತಪಸ್ಸುಕಾಲ ಅನ್ನುತ್ತಾರೆ. ಆಗಮನ ಕಾಲಕ್ಕೆ ನಾಲ್ಕು ರವಿವಾರ, ತಪಸ್ಸುಕಾಲಕ್ಕೆ 40 ದಿನ, ಪಾಸ್ಖ ಕಾಲಕ್ಕೆ 50 ದಿನ. ಉಳಿದ 33 ಅಥವಾ 34 ವಾರ ಸಾಧಾರಣ ಕಾಲ. ಹಸಿರು ಬಟ್ಟೆ, ಹಬ್ಬದ ಅಡುಗೆ ಇಲ್ಲ, ಹೊಸ ಅಂಗಿ ಇಲ್ಲ. ನಾವು ಕ್ರೈಸ್ತರಾಗಿ ಬೆಳೆಯುವುದು ಬಹುಪಾಲು ಈ ವಾರಗಳಲ್ಲಿಯೇ. ಆಟಗಾರನೂ ಹಾಗೆಯೇ. ಹತ್ತು ವಾರದ ಜಾತ್ರೆಯಲ್ಲಿ ಒಬ್ಬ ಹುಡುಗನಿಗೆ ಒಂದು ಪಂದ್ಯ ಕೆಟ್ಟರೆ ಎರಡನೇ ಅವಕಾಶ ಸಿಗುವುದಿಲ್ಲ. ಕೋಚ್ ಅನುಭವಿಗಳನ್ನೇ ಇಳಿಸುತ್ತಾನೆ, 19 ವರ್ಷದವನು ಬೆಂಚಿನಲ್ಲೇ ಇರುತ್ತಾನೆ. 24 ಪಂದ್ಯ ಇದ್ದರೆ ಫೆಬ್ರುವರಿಯ ಯಾವುದೋ ಒಂದು ಬುಧವಾರ, ಯಾರಿಗೋ ಜ್ವರ ಬಂದು, ಅವನ ಸರದಿ ಬರುತ್ತದೆ. ಅವನಿಗೆ ಬೇಕಾದದ್ದು ಆ ಸಾಧಾರಣ ಬುಧವಾರ.

ಅದೇ ಬೈಬಲ್ ವಿಶ್ರಾಂತಿಯ ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ಮನುಷ್ಯನಿಗೆ ಏಳನೆಯ ದಿನ ಬಿಡುವು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಭೂಮಿಗೂ ಏಳನೆಯ ವರ್ಷ ಬಿಡುವು ಕೊಡಬೇಕೆಂದಿದೆ. ನಮ್ಮ ರೈತರಿಗೆ ಅದು ಹೊಸ ಮಾತಲ್ಲ. ಸವಳು ಹಿಡಿದ ಹೊಲ ನೋಡಿದವರಿಗೆ ಬಿಡುವಿಲ್ಲದ ನೀರು, ಬಿಡುವಿಲ್ಲದ ಬೆಳೆ ಏನು ಮಾಡುತ್ತದೆಂದು ಗೊತ್ತು. ಆದರೆ ಒಂದು ವ್ಯತ್ಯಾಸ ನೆನಪಿಡಬೇಕು. ಬಿಡುವು ಬೇರೆ, ಕೆಲಸವಿಲ್ಲದೆ ಕೂರುವುದು ಬೇರೆ. ದ್ರಾಕ್ಷಿ ತೋಟದ ಸಾಮತಿಯಲ್ಲಿ ಸಂಜೆ ಐದರ ತನಕ ಪೇಟೆಯಲ್ಲಿ ನಿಂತಿದ್ದವರು ವಿಶ್ರಾಂತಿ ತೆಗೆದುಕೊಳ್ಳುತ್ತಿರಲಿಲ್ಲ, ಅವರನ್ನು ಯಾರೂ ಕರೆದಿರಲಿಲ್ಲ ಅಷ್ಟೇ. 2025ರ ಸೆಪ್ಟೆಂಬರಿನಿಂದ 2026ರ ಫೆಬ್ರುವರಿ ತನಕ ಭಾರತದ ಆಟಗಾರರು ಲೀಗ್ ಇಲ್ಲದೆ ಹಾಗೆ ನಿಂತಿದ್ದರು. ಅದನ್ನು ಬಿಡುವು ಎಂದು ಕರೆಯುವುದು ತಪ್ಪು.

ಹಾಗಾದರೆ ನನ್ನ ಅಭಿಪ್ರಾಯ ಏನು? ನಮ್ಮ ಹಂಗಾಮು ಉದ್ದ ಆಗಲೇಬೇಕು. ಆದರೆ ಪಂದ್ಯ ಎಣಿಸಿ ಉದ್ದ ಮಾಡಿದರೆ ಸಾಲದು, ಪಗಾರದ ತಿಂಗಳು ಎಣಿಸಿ ಉದ್ದ ಮಾಡಬೇಕು. ಎಂಟು ತಿಂಗಳು ಆಟ, ಅದರಲ್ಲಿ 24 ಅಥವಾ ಸ್ವಲ್ಪ ಹೆಚ್ಚು ಪಂದ್ಯ, ವಾರಕ್ಕೊಂದು. ಮೇ, ಜೂನ್ ಬಿಸಿಲು ಮಳೆಗೆ ಪೂರ್ತಿ ಬಿಡುವು. ಆ ಬಿಡುವಿನ ತಿಂಗಳುಗಳಲ್ಲಿ, ನಮ್ಮ ಕಾಕಾನಿಗೆ ಸಿಗುವಂತೆ, ಸಂಬಳದ ಒಂದು ಪಾಲು. ದೊಡ್ಡ ಹೆಸರಿನವರಿಗೆ ಇದು ಬೇಕಿಲ್ಲದಿರಬಹುದು. ಕೆಳಗಿನ ಲೀಗಿನಲ್ಲಿ ಆಡುವ, ಊರಲ್ಲಿ ತಂದೆ ತಾಯಿ ಇರುವ ಹುಡುಗನಿಗೆ ಬೇಕು. ಕರಾರಿನಲ್ಲಿ ಹಂಗಾಮಿನ ಮೊದಲ ದಿನ ಮತ್ತು ಕೊನೆಯ ದಿನ ಬರೆದಿರಬೇಕು, ನಡುವೆ ಲೀಗ್ ನಿಂತರೆ ಯಾರು ಹೊಣೆ ಎಂಬುದೂ ಬರೆದಿರಬೇಕು. ಮಗನನ್ನು ಕಳಿಸುವ ತಂದೆ ಕೇಳುವ ಮೊದಲ ಪ್ರಶ್ನೆ ಅದು.

ನಮ್ಮ ತಮ್ಮ ಸದ್ಯಕ್ಕೆ ಡಿಪ್ಲೊಮಾ ಬಿಟ್ಟಿಲ್ಲ. ಪರೀಕ್ಷೆ ಮುಗಿಸಿ ಟ್ರಯಲ್‌ಗೆ ಹೋಗುತ್ತಾನೆ. ಕಾಕಾ ಒಪ್ಪಿದ್ದಾರೆ, ಆದರೆ ಒಂದು ಷರತ್ತು ಹಾಕಿದ್ದಾರೆ: ಕರಾರಿನ ಕಾಗದಕ್ಕೆ ಸಹಿ ಮಾಡುವ ಮೊದಲು ತಾವು ಓದಬೇಕು. ಅದು ಇಂಗ್ಲಿಷಿನಲ್ಲಿದ್ದರೆ ನಾನು ಓದಿ ಹೇಳಬೇಕು. ನಾನು ಆಗಲಿ ಎಂದಿದ್ದೇನೆ.

ಇನ್ನು ನಮ್ಮ ಧರ್ಮಕೇಂದ್ರದ ಮಾತು. ನಾವು ಕ್ರಿಸ್ಮಸ್ ನಂತರ ಎರಡು ದಿನದ ಟೂರ್ನಮೆಂಟ್ ಇಡುತ್ತೇವೆ. ಎಂಟು ತಂಡ, ಸೋತವರು ಹೊರಗೆ. ಏಳು ಪಂದ್ಯದಲ್ಲಿ ಎಲ್ಲ ಮುಗಿಯುತ್ತದೆ. ಎಂಟರಲ್ಲಿ ನಾಲ್ಕು ತಂಡಗಳಿಗೆ ಇಡೀ ವರ್ಷಕ್ಕೆ ಒಂದೇ ಪಂದ್ಯ! ದೂರದ ವಾಡಿಯಿಂದ ಟೆಂಪೋ ಮಾಡಿಕೊಂಡು ಬಂದ ಮಕ್ಕಳು ಅರ್ಧ ಗಂಟೆ ಆಡಿ ಹೋಗುತ್ತಾರೆ. ಅದೇ ಎಂಟು ತಂಡಗಳು ಒಬ್ಬರಿಗೊಬ್ಬರು ಒಂದೊಂದು ಸಲ ಆಡಿದರೆ 28 ಪಂದ್ಯ. ರವಿವಾರಕ್ಕೆ ನಾಲ್ಕರಂತೆ ಏಳು ರವಿವಾರ. ಅಕ್ಟೋಬರಿನ ಮೊದಲ ರವಿವಾರ ಶುರು ಮಾಡಿ ದೀಪಾವಳಿಯ ರವಿವಾರ ಬಿಟ್ಟರೆ ಆಗಮನ ಕಾಲದ ಮೊದಲು ಮುಗಿಯುತ್ತದೆ. ಬಲಿಪೂಜೆ ಮುಗಿದ ಮೇಲೆಯೇ ಆಟ, ಧರ್ಮೋಪದೇಶಕ್ಕೆ ಬಂದವರಿಗೇ ಆಟ. ಹುಡುಗಿಯರ ತಂಡಗಳೂ ಸೇರಲಿ, ಅವರಿಗೆ ಬೇರೆ ಪಟ್ಟಿ ಮಾಡೋಣ. ಟೆಂಪೋ ಖರ್ಚು ಹೆಚ್ಚಾಗುತ್ತದೆ, ಅದನ್ನು ಹೇಗೆ ಹಂಚಿಕೊಳ್ಳುವುದು ಎಂದು ಹಿರಿಯರು ಸಲಹೆ ಕೊಡಬೇಕು.

ಬರುವ ರವಿವಾರ ಎರಡನೇ ಬಲಿಪೂಜೆಯ ನಂತರ ಯುವಕ ಸಂಘದ ಸಭೆ ಇದೆ. ಈ ವಿಷಯ ಮೊದಲಿಗೇ ಇಟ್ಟಿದ್ದೇವೆ. ಒಪ್ಪುವವರೂ ಬನ್ನಿ, ಒಪ್ಪದವರೂ ಬನ್ನಿ. ಕಬ್ಬಿನ ಕೆಲಸ ಶುರುವಾದ ಮೇಲೆ ಯಾರ ಮನೆಯಲ್ಲಿ ಹುಡುಗರು ಹೊಲಕ್ಕೆ ಬೇಕಾಗುತ್ತಾರೋ ಅವರು ಮುಖ್ಯವಾಗಿ ಬಂದು ತಮ್ಮ ಮಾತು ಹೇಳಿ. ಅವರ ಕ್ಯಾಲೆಂಡರ್ ನೋಡಿಯೇ ನಮ್ಮ ಪಟ್ಟಿ ಮಾಡೋಣ.